ಬೆಣ್ಣೆ ಕಡಲು ದಾಟುವುದು ಹೇಗೆ?



ಬೆಳಿಗ್ಗೆ ನೀವು ಸಂಘಕ್ಕೆ ಹಾಕಿದ ಹಾಲು ಬಿಎಂಸಿಯಲ್ಲಿ ತಣ್ಣಗಾಗಿ, ಟ್ಯಾಂಕರಿನಲ್ಲಿ ಒಕ್ಕೂಟದ ಡೇರಿಗೆ ಬರುತ್ತದೆ. ಪ್ಯಾಕೆಟ್ ಹಾಲು, ಮೊಸರು ಮಾಡಿ ಉಳಿದದ್ದು ಬೆಣ್ಣೆ, ತುಪ್ಪ, ಹಾಲಿನ ಪುಡಿಯಾಗುತ್ತದೆ. ಇವು ಹೊರದೇಶಕ್ಕೂ ಹೋಗಬಲ್ಲ ಸಾಮಾನುಗಳು. ತುಪ್ಪಕ್ಕೂ ಪುಡಿಗೂ ತಂಪು ಬೇಕಿಲ್ಲ, ತೇವ ತಾಗದಂತೆ ಕಟ್ಟಿ ಕಳಿಸಿದರೆ ಸಾಕು. ಆದರೆ ಬೆಣ್ಣೆ, ಚೀಸ್, ಐಸ್‌ಕ್ರೀಂ ವಾರಗಟ್ಟಲೆ ಬಿಸಿಲು ಕಾಯುವ ಸಮುದ್ರದ ಮೇಲೆ ಕೆಡದೆ ಹೋಗುವುದು ಹೇಗೆ? ಇದನ್ನು ತಿಳಿದರೆ ನಿಮ್ಮ ಕೊಟ್ಟಿಗೆಯ ಕೆಲಸದ ಬೆಲೆಯೂ ತಿಳಿಯುತ್ತದೆ.

ಮೊದಲ ಹಡಗಿನ ಪಾಠ

ನ್ಯೂಜಿಲೆಂಡ್ ಎಂಬ ದೇಶದಲ್ಲಿ ಕುರಿ, ಹಸು ಬೇಕಾದಷ್ಟು. ತಿನ್ನುವವರು ಕಡಿಮೆ. ಕೊಳ್ಳುವವರಿದ್ದದ್ದು ಭೂಮಿಯ ಆ ಕಡೆಯ ಇಂಗ್ಲೆಂಡಿನಲ್ಲಿ. 1882ರ ಫೆಬ್ರವರಿ 15ರಂದು ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡನೀಡಿನ್’ ಎಂಬ ಹಾಯಿಹಡಗು ಸುಮಾರು 5,000 ಕುರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿಕೊಂಡು ಲಂಡನ್ನಿಗೆ ಹೊರಟಿತು. ಅದರಲ್ಲಿ ಬೆಣ್ಣೆಯ ಪೀಪಾಯಿಗಳೂ ಇದ್ದವು. ಹಾಯಿಯಿಂದ ಓಡುವ ಹಡಗಿನೊಳಗೆ ತಂಪು ಮಾಡಲೆಂದೇ ಕಲ್ಲಿದ್ದಲು ಉರಿಸುವ ಯಂತ್ರ ಕೂರಿಸಿದ್ದರು.

ಹಡಗು ಸೆಕೆಯ ಸಮುದ್ರಕ್ಕೆ ಬಂದಾಗ ತಂಪುಗಾಳಿ ಒಳಗೆಲ್ಲಾ ಸರಿಯಾಗಿ ಓಡಾಡುತ್ತಿಲ್ಲ ಎಂದು ಗೊತ್ತಾಯಿತು. ಕ್ಯಾಪ್ಟನ್ ವಿಟ್ಸನ್ ತಾವೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಗರಗಸದಿಂದ ಹೊಸ ಕಿಂಡಿ ಕೊರೆದರು. ಚಳಿಗೆ ಮೈ ಮರಗಟ್ಟಿ, ಕಾಲಿಗೆ ಹಗ್ಗ ಕಟ್ಟಿ ಅವರನ್ನು ಹೊರಗೆಳೆಯಬೇಕಾಯಿತು. 98 ದಿನಗಳ ನಂತರ ಹಡಗು ಲಂಡನ್ ತಲುಪಿದಾಗ ಕೆಟ್ಟಿತೆಂದು ತೆಗೆದುಹಾಕಿದ್ದು ಒಂದೇ ಒಂದು ಕುರಿ.

ಅಲ್ಲಿಂದ ಆ ದೇಶದ ರೈತರ ದಿಕ್ಕೇ ಬದಲಾಯಿತು. ಬೆಣ್ಣೆ, ಚೀಸ್ ಕಳಿಸಲು ಹಾಲು ಉತ್ಪಾದಕರು ನಮ್ಮ ಹಾಗೆಯೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಇಂದು ಅಲ್ಲಿನ ಹಾಲಿನ ಬಹುಪಾಲು ಹೊರದೇಶಕ್ಕೇ ಹೋಗುತ್ತದೆ. ಅಲ್ಲಿನ ಅತಿ ದೊಡ್ಡ ಡೇರಿ ಸಂಸ್ಥೆ ಫಾಂಟೆರಾ ಈಗಲೂ ರೈತರದೇ ಸಹಕಾರಿ.

ಇಂದಿನ ತಂಪು ಪೆಟ್ಟಿಗೆ

ಈಗ ಇಡೀ ಹಡಗನ್ನು ತಂಪು ಮಾಡಬೇಕಿಲ್ಲ. ಲಾರಿಯ ಮೇಲೆ ಕೂರುವ 20 ಅಡಿ ಅಥವಾ 40 ಅಡಿ ಉದ್ದದ ಕಬ್ಬಿಣದ ಪೆಟ್ಟಿಗೆಗೇ ತಂಪು ಮಾಡುವ ಯಂತ್ರ ಇರುತ್ತದೆ. ಇದನ್ನು ರೀಫರ್ ಕಂಟೇನರ್ ಎನ್ನುತ್ತಾರೆ. ಲಾರಿಯಲ್ಲಿ ಹೋಗುವಾಗ ಜನರೇಟರ್, ಬಂದರಿನಲ್ಲೂ ಹಡಗಿನಲ್ಲೂ ಕರೆಂಟಿನ ಪ್ಲಗ್. ಮಂಗಳೂರು ಕಡೆಯ ಮೀನು, ಸೀಗಡಿ ಹೊರದೇಶಕ್ಕೆ ಹೋಗುವುದು ಇಂಥ ಪೆಟ್ಟಿಗೆಗಳಲ್ಲೇ.

ಚೀಸ್‌ಗೆ 2ರಿಂದ 4 ಡಿಗ್ರಿ ಸಾಕು. ತಿಂಗಳುಗಟ್ಟಲೆ ಇಡುವ ಬೆಣ್ಣೆಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಬೇಕು. ಐಸ್‌ಕ್ರೀಂಗೆ ಇನ್ನೂ ಹೆಚ್ಚಿನ ಚಳಿ. ಒಂದು 40 ಅಡಿ ಪೆಟ್ಟಿಗೆಯಲ್ಲಿ ಸುಮಾರು 25 ಟನ್ ಬೆಣ್ಣೆ ಹಿಡಿಯುತ್ತದೆ. ಶೇ. 4 ಜಿಡ್ಡಿರುವ ಹಸುವಿನ ಹಾಲಾದರೆ ಇಷ್ಟು ಬೆಣ್ಣೆಗೆ ಸುಮಾರು 5 ಲಕ್ಷ ಲೀಟರ್ ಬೇಕು. ಅಂದರೆ ಒಂದು ಪೆಟ್ಟಿಗೆಯಲ್ಲಿ ಸಾವಿರಾರು ಮನೆಗಳ ದುಡಿಮೆ ಇರುತ್ತದೆ.

ಪೆಟ್ಟಿಗೆಯೊಳಗೆ ತಂಪುಗಾಳಿ ನೆಲದ ಉದ್ದುದ್ದ ಸಾಲುಗಳಿಂದ ಬಂದು, ಸಾಮಾನನ್ನು ಸುತ್ತಿ, ಮೇಲಿನಿಂದ ಯಂತ್ರಕ್ಕೆ ವಾಪಸಾಗುತ್ತದೆ. ಗಾಳಿಯ ದಾರಿ ಕಟ್ಟಬಾರದೆಂದು ಒಳಗೋಡೆಯಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಅದರ ಮೇಲೆ ಒಂದು ಡಬ್ಬವನ್ನೂ ಪೇರಿಸುವಂತಿಲ್ಲ. ಕ್ಯಾಪ್ಟನ್ ವಿಟ್ಸನ್ ಕೊರೆದ ಕಿಂಡಿಯ ಪಾಠ ಇದೇ.

ತಂಪು ಕಾಯುತ್ತದೆ, ತಿದ್ದುವುದಿಲ್ಲ

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಒಂದು ವಿಷಯವಿದೆ. ಈ ಪೆಟ್ಟಿಗೆ ಇರುವುದು ಬಿಸಿ ಸಾಮಾನನ್ನು ತಣ್ಣಗೆ ಮಾಡಲು ಅಲ್ಲ, ತಣ್ಣಗಿದ್ದದ್ದನ್ನು ಹಾಗೆಯೇ ಇಡಲು. ಬಿಸಿ ಸಾರಿನ ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟರೆ ಪಕ್ಕದ ಹಾಲಿಗೂ ಬಿಸಿ ತಾಗುವಂತೆ, ಸರಿಯಾಗಿ ಹೆಪ್ಪುಗಟ್ಟದ ಬೆಣ್ಣೆ ತುಂಬಿದರೆ ಇಡೀ ಪೆಟ್ಟಿಗೆ ಹಾಳು. ಆದ್ದರಿಂದ ಬೆಣ್ಣೆಯನ್ನು ಮೊದಲೇ ಶೀತಲಗೃಹದಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ ತುಂಬುತ್ತಾರೆ. ದಾರಿಯುದ್ದಕ್ಕೂ ಎಷ್ಟು ಡಿಗ್ರಿ ಇತ್ತೆಂಬುದನ್ನು ಯಂತ್ರವೇ ಬರೆದಿಡುತ್ತದೆ, ನಿಮ್ಮ ಸಂಘದ ಯಂತ್ರ ಜಿಡ್ಡು, ಎಸ್‌ಎನ್‌ಎಫ್ ಬರೆದು ಚೀಟಿ ಕೊಡುವ ಹಾಗೆ.

ಚಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಅಷ್ಟೇ. ಮೊದಲೇ ಆದ ಕೆಡುಕನ್ನು ಯಾವ ಚಳಿಯೂ ತೆಗೆಯದು. ಮೂರು ಉದಾಹರಣೆ ನೋಡಿ.

ಒಂದು: ಹಾಲು ಬೇಗ ತಣ್ಣಗಾಗದೆ ಬ್ಯಾಕ್ಟೀರಿಯಾ ಹೆಚ್ಚಿದರೆ, ಡೇರಿಯಲ್ಲಿ ಕಾಯಿಸಿದಾಗ ಅವು ಸಾಯುತ್ತವೆ. ಆದರೆ ಅವುಗಳಲ್ಲಿ ಕೆಲವು ಬಿಟ್ಟುಹೋದ, ಜಿಡ್ಡನ್ನು ಒಡೆಯುವ ಕಿಣ್ವಗಳು ಆ ಕಾವಿಗೂ ಉಳಿಯುತ್ತವೆ. ಬೆಣ್ಣೆಯಲ್ಲಿ ಅವು ಮೆಲ್ಲಗೆ ಕೆಲಸ ಮಾಡುತ್ತಾ ತಿಂಗಳುಗಳ ಮೇಲೆ ಕಮಟು ವಾಸನೆ ತರುತ್ತವೆ.

ಎರಡು: ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯೋಟಿಕ್ ಹಾಲಿಗೆ ಬಂದರೆ ಅದು ಕಾಯಿಸಿದರೂ ಪೂರ್ತಿ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು.

ಮೂರು: ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಜೋಳ ತಿಂದ ಹಸುವಿನ ಹಾಲಿಗೆ ಅಫ್ಲಾಟಾಕ್ಸಿನ್ ಎಂಬ ವಿಷ ಇಳಿಯುತ್ತದೆ. ಇದೂ ಕುದಿಸಿದರೆ ಹೋಗುವುದಲ್ಲ. ನಮ್ಮ ದೇಶದಲ್ಲಿ ಒಂದು ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂವರೆಗೆ ಮಿತಿಯಿದೆ. ಯುರೋಪ್ ಒಕ್ಕೂಟದ ದೇಶಗಳಲ್ಲಿ ಮಿತಿ 0.05, ಅಂದರೆ ನಮ್ಮದರ ಹತ್ತನೇ ಒಂದು ಭಾಗ.

ಕೊಳ್ಳುವ ದೇಶದ ಬಂದರಿನಲ್ಲಿ ಮಾದರಿ ತೆಗೆದು ಪರೀಕ್ಷೆ ಮಾಡಿ ಮಿತಿ ಮೀರಿದ್ದು ಕಂಡರೆ ಪೆಟ್ಟಿಗೆಯನ್ನು ವಾಪಸ್ ಕಳಿಸಬಹುದು, ಇಲ್ಲವೇ ನಾಶ ಮಾಡಿಸಬಹುದು. ಆ ನಷ್ಟ ಕಳಿಸಿದವರದೇ. ನಷ್ಟ ಸಹಕಾರಿಯದಾದರೆ ಕೊನೆಗೆ ಅದು ತಟ್ಟುವುದು ನಮ್ಮೆಲ್ಲರ ಬಟವಾಡೆಗೆ.

ನಿಮ್ಮ ಕೈಯಲ್ಲಿರುವುದು

ಕೆಚ್ಚಲಿನಿಂದ ಬರುವ ಹಾಲು ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ತಾಜಾ ಹಾಲಿಗೆ ತನ್ನದೇ ಒಂದು ರಕ್ಷಣೆಯಿದೆ, ಅದು ಎರಡು ಮೂರು ಗಂಟೆ ಮಾತ್ರ. ಅಷ್ಟರೊಳಗೆ ಅದು ಬಿಎಂಸಿಯ 4 ಡಿಗ್ರಿಯ ಕಡೆಗೆ ಹೊರಟಿರಬೇಕು. ಆದ್ದರಿಂದ:

• ಕರೆದ ಹಾಲನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಕೂಡಲೇ ಸಂಘಕ್ಕೆ ತನ್ನಿ. ಸಂಜೆಯ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಬೇಡಿ.

• ಸ್ಟೀಲ್ ಪಾತ್ರೆ ಬಳಸಿ. ತೊಳೆದ ಮೇಲೆ ಬೋರಲು ಹಾಕಿ ಒಣಗಿಸಿ.

• ಕರೆಯುವ ಮೊದಲು ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸಿ. ಕರೆದ ಮೇಲೆ ಮೊಲೆತೊಟ್ಟುಗಳನ್ನು ಪಶುವೈದ್ಯರು ಹೇಳಿದ ದ್ರಾವಣದಲ್ಲಿ ಅದ್ದಿ. ಕೆಚ್ಚಲು ಬಾವು ಕಡಿಮೆಯಾದರೆ ಔಷಧಿಯೂ ಕಡಿಮೆ.

• ಆಂಟಿಬಯೋಟಿಕ್ ಕೊಡಿಸಿದಾಗ ಎಷ್ಟು ದಿನ ಹಾಲು ಹಾಕಬಾರದೆಂದು ಪಶುವೈದ್ಯರನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕರೆದ ಹಾಲನ್ನು ಚೆಲ್ಲುವುದು ಹೊಟ್ಟೆ ಉರಿಯುವ ಸಂಗತಿಯೇ, ಅದು ನಮಗೂ ಗೊತ್ತು. ಆದರೆ ಒಂದು ಪಾತ್ರೆ ಹಾಲು ಇಡೀ ಬಿಎಂಸಿಯ ಹಾಲನ್ನು ಕೆಡಿಸಬಲ್ಲದು.

• ಹಿಂಡಿ, ಪಶು ಆಹಾರದ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಜೋಡಿಸಿ. ಬೂಷ್ಟು ಕಂಡದ್ದನ್ನು ಯಾವ ರಾಸಿಗೂ ಹಾಕಬೇಡಿ.

ಇವುಗಳಲ್ಲಿ ಒಂದಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಕಡಲು ದಾಟುವ ಬೆಣ್ಣೆಗೂ ನಿಮ್ಮ ಮಗು ಕುಡಿಯುವ ಲೋಟದ ಹಾಲಿಗೂ ಬೇಕಾದ ಎಚ್ಚರಿಕೆ ಒಂದೇ. ಹಡಗಿನ ಪೆಟ್ಟಿಗೆ ಕಾಯುವುದು ನೀವು ಕೊಟ್ಟ ಗುಣವನ್ನು. ಗುಣ ಕೊಡುವವರು ನೀವೇ.