ಫಾಂಟ್ ಬಳಸುವ ಮುನ್ನ ಲೈಸೆನ್ಸ್ ಓದಿರಿ

ಮೇಲವಂಕಿಯ ಜಾತ್ರೆಯ ಕರಪತ್ರವಿರಲಿ, ಕರಾವಳಿಯ ಚರ್ಚಿನ ವಾರ್ಷಿಕ ಹಬ್ಬದ ಆಮಂತ್ರಣವಿರಲಿ, ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಲು ಫಾಂಟ್ ಬೇಕೇ ಬೇಕು. ಫಾಂಟ್ ಕೂಡ ಒಂದು ತಂತ್ರಾಂಶ. ಹಣ ಕೊಟ್ಟು ಕೊಂಡರೂ ನಮಗೆ ಸಿಗುವುದು ಬಳಸುವ ಅನುಮತಿ ಮಾತ್ರ. ಎಷ್ಟು ಕಂಪ್ಯೂಟರ್‌ಗಳಿಗೆ, ಮುದ್ರಣಕ್ಕೋ ವೆಬ್‌ಸೈಟಿಗೋ ಎಂಬುದನ್ನು ಲೈಸೆನ್ಸ್ ತಿಳಿಸುತ್ತದೆ.

‘ವೈಯಕ್ತಿಕ ಬಳಕೆಗೆ ಉಚಿತ’ ಎಂದಿದ್ದರೆ ಮಾರಾಟದ ಸ್ಮರಣ ಸಂಚಿಕೆಗೆ ಅದು ಸಲ್ಲದು. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಮುದ್ರಿಸಬಹುದು, ಆದರೆ ಆ ಫೈಲನ್ನು ಇತರರಿಗೆ ಹಂಚುವಂತಿಲ್ಲ.

ನೋಟೋ ಸಾನ್ಸ್ ಕನ್ನಡ, ಏಕ್ ಟೈಪ್‌ನವರ ಬಾಲೂ ತಮ್ಮ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಡಿ ದೊರೆಯುತ್ತವೆ. ಇದರ 1.1ನೇ ಆವೃತ್ತಿ 2007ರಲ್ಲಿ ಹೊರಬಂತು. ಇವುಗಳಲ್ಲಿ ಮುದ್ರಿಸಬಹುದು, ಇವನ್ನು ಹಂಚಬಹುದು, ತಿದ್ದಲೂಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ.

ಅಕ್ಷರ ರೂಪಿಸಿದವರ ದುಡಿಮೆಗೂ ಬೆಲೆಯಿದೆ. ಡಿಟಿಪಿಗೆ ಕೊಡುವ ಮುನ್ನ ಲೈಸೆನ್ಸ್ ವಿಚಾರಿಸಿರಿ.