ಬಿರುಸಾದ ರಬ್ಬರಿಗೆ ಗಂಧಪುರದ ಎಣ್ಣೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿ, 1973ರಲ್ಲಿ ಯಜ್ಡಿಯೆಂಬ ಹೆಸರನ್ನು ತಳೆದು, 1996ರಲ್ಲಿ ಕಾರ್ಖಾನೆಯು ಸ್ತಬ್ಧವಾಗುವವರೆಗೂ ನಾಡಿನ ಹಾದಿಗಳಲ್ಲಿ ಮೊಳಗಿದ ಮೋಟಾರುಸೈಕಲ್ಲುಗಳನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ, ಉಕ್ಕಿಗೆ ಹಿಡಿದ ತುಕ್ಕಿಗಿಂತಲೂ ಹೆಚ್ಚಿನ ಚಿಂತೆಯನ್ನು ತರುವುದು ಬಿರುಸಾದ ರಬ್ಬರು. ತುಕ್ಕನ್ನು ಉಜ್ಜಿ ತೆಗೆಯಬಹುದು. ಆದರೆ ಜಾವಾದ ಪೆಟ್ರೋಲು ಟ್ಯಾಂಕಿನ ಇಕ್ಕೆಲದ ಮೊಣಕಾಲುಪಟ್ಟಿ, ಕಾಲೂರುವ ಕಂಬಿಯ ರಬ್ಬರು, ಕಾರ್ಬ್ಯುರೇಟರಿಗೆ ಗಾಳಿ ತರುವ ಕೊಳವೆ, ಇವು ಒಮ್ಮೆ ಸೀಳಿದುವೆಂದರೆ ಮೂಲದ ಅಚ್ಚಿಗೆ ಸರಿದೊರೆಯಾದುದು ದೊರೆಯುವುದು ದುರ್ಲಭ.

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡಂತೆ, ಗಂಧಕದೊಡನೆ ಕಾಯಿಸಿದ ರಬ್ಬರಿನಲ್ಲಿ ಉದ್ದನೆಯ ಅಣುಸರಪಳಿಗಳ ನಡುವೆ ಬಂಧಗಳು ಏರ್ಪಟ್ಟು, ಎಳೆದರೆ ಹಿಗ್ಗಿ ಬಿಟ್ಟರೆ ಮರಳುವ ಗುಣವು ಸ್ಥಿರಗೊಳ್ಳುತ್ತದೆ. ಕಾಲಕ್ರಮದಲ್ಲಿ ಆಮ್ಲಜನಕವೂ ಉಷ್ಣವೂ ಈ ಬಂಧಗಳನ್ನು ಮಿತಿಮೀರಿ ಹೆಚ್ಚಿಸುತ್ತವೆ. ಮೃದುತ್ವಕ್ಕಾಗಿ ಬೆರೆಸಿದ್ದ ಎಣ್ಣೆಗಳು ಆರಿಹೋಗುತ್ತವೆ. ಗಾಳಿಯ ಓಜೋನು ಮೇಲ್ಮೈಯನ್ನು ಬಿರಿಸುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕೊಪ್ಪಳದ ಸೀಮೆಯಲ್ಲಿ, ಅದರಲ್ಲಿಯೂ ನೆರಳು ವಿರಳವಾದ ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ, ಬಿಸಿಲಿಗೆ ನಿಂತ ಗಾಡಿಗೆ ಈ ಮುಪ್ಪು ಬೇಗನೆ ಬರುತ್ತದೆ. ವೇಗಭೇದದಿಂದ ತಿರುಗುವ ಎರಡು ರಬ್ಬರು ಉರುಳೆಗಳ ನಡುವೆ ಭತ್ತದ ಹೊಟ್ಟನ್ನು ಸುಲಿಯುವ ಗಂಗಾವತಿಯ ಗಿರಣಿಯವರಿಗಂತೂ ರಬ್ಬರಿನ ಮಾರ್ದವದ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ.

ನೀಲಗಿರಿಯಲ್ಲಿಯೂ ಹಿಮಾಲಯದಲ್ಲಿಯೂ ಬೆಳೆಯುವ ಒಂದು ಪೊದೆಯ ಎಲೆಗಳಿಂದ ಬಟ್ಟಿಯಿಳಿಸುವ, ನೋವಿನ ಮುಲಾಮುಗಳಿಗೆ ಅವುಗಳ ತೀಕ್ಷ್ಣ ಪರಿಮಳವನ್ನೀಯುವ ಗಂಧಪುರದ ಎಣ್ಣೆಯೇ ರಬ್ಬರಿನ ಈ ಬಿರುಸಿಗೆ ಮದ್ದು. ಅದರಲ್ಲಿ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ಒಂದು ಪಾಲು ಎಣ್ಣೆಗೆ ಮೂರು ಪಾಲು ಐಸೊಪ್ರೊಪೈಲ್ ಆಲ್ಕೊಹಾಲನ್ನು ಬೆರೆಸಿ, ಜಿಡ್ಡು ಧೂಳುಗಳನ್ನು ತೊಳೆದ ಭಾಗವನ್ನು ಗಾಜಿನ ಭರಣಿಯಲ್ಲಿ ಮುಳುಗಿಸಿ, ಬಾಯಿ ಬಿಗಿದು, ದಿನಕ್ಕೊಮ್ಮೆ ತೆಗೆದು ಪರೀಕ್ಷಿಸಬೇಕು. ಆತುರ ಇಲ್ಲಿ ಸಲ್ಲದು. ತೆಳುವಾದುದು ಒಂದೆರಡು ದಿನಗಳಲ್ಲಿ ಹದಕ್ಕೆ ಬಂದರೆ ದಪ್ಪನಾದುದು ವಾರವನ್ನೇ ಬೇಡಬಹುದು. ಉಗುರಿನಿಂದೊತ್ತಿದಾಗ ಮೂಡಿದ ಗುರುತು ತಾನಾಗಿ ಮಾಯವಾದರೆ ಹದ ಬಂದಿತೆಂದು ತಿಳಿಯತಕ್ಕದ್ದು. ತುಸು ಉಬ್ಬಿದ ಭಾಗವು ನೆರಳಿನಲ್ಲಿ ಆರಿದ ಮೇಲೆ ಬಹುಮಟ್ಟಿಗೆ ಹಿಂದಿನ ಅಳತೆಗೆ ಮರಳುತ್ತದೆ. ಹೆಚ್ಚಾದ ಬಂಧಗಳನ್ನು ಈ ತೈಲವು ಕಡಿಯಲಾರದು. ಸರಪಳಿಗಳ ನಡುವೆ ಸೇರಿ ಅವುಗಳ ಚಲನೆಯನ್ನು ಸಡಿಲಿಸುತ್ತದೆ, ಅಷ್ಟೆ. ಎಣ್ಣೆ ಆರಿದಂತೆ ಬಿರುಸು ಮರಳುತ್ತದೆ. ಆದರೂ ಮೈಸೂರಿನ ಅಚ್ಚಿನಲ್ಲಿ ಎರಕಗೊಂಡ ಒಂದು ಪಟ್ಟಿಯು ಮತ್ತಷ್ಟು ಕಾಲ ತನ್ನ ಸ್ಥಾನದಲ್ಲಿಯೇ ಉಳಿಯುವುದಾದರೆ ಆ ಶ್ರಮವು ಸಾರ್ಥಕವೆಂದೇ ನಾನು ಬಗೆಯುತ್ತೇನೆ.

ಟೈರು, ಬ್ರೇಕಿನ ಭಾಗ, ಪೆಟ್ರೋಲು ಕೊಳವೆಗಳಿಗೆ ಮಾತ್ರ ಈ ಉಪಚಾರ ಕೂಡದು. ಕ್ರ್ಯಾಂಕಿನ ಸೀಲುಗಳಿಗೂ ಅಷ್ಟೆ: ಜಾವಾದಂತಹ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಅವು ಗಾಳಿ ಸೋರಿಸಿದರೆ ಇಂಧನದ ಮಿಶ್ರಣವು ತೆಳುವಾಗಿ, ಪಿಸ್ಟನ್ ಕಾದು ಕಚ್ಚಿಕೊಳ್ಳುವುದುಂಟು, ಅಲ್ಲಿಗೆ ಹೊಸದನ್ನೇ ಹಾಕಬೇಕು. ಭರಣಿಯನ್ನು ಬೆಂಕಿಯಿಂದ ದೂರವಾಗಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿರಿಸತಕ್ಕದ್ದು. ಒಂದು ಚಮಚದಷ್ಟು ಗಂಧಪುರದ ಎಣ್ಣೆಯೂ ಎಳೆಯ ಮಗುವಿಗೆ ಪ್ರಾಣಾಂತಿಕವಾಗಬಲ್ಲದು.