ಮಾತು ನಿಂತ ಹೀಟರು: ದೋಷ ಹುಡುಕುವ ವೃತ್ತಿಜ್ಞಾನ

ದಾವಣಗೆರೆ ಮತ್ತು ಅದೇ ತಾಲ್ಲೂಕಿನ ಲೋಕಿಕೆರೆ, ಈ ಎರಡು ಊರುಗಳ ಹೆಸರಿನಲ್ಲೂ ಕೆರೆ ಇದೆ. ಕೆರೆ ಇರುವ ಕಡೆ ಅದರ ನೀರನ್ನು ಹಂಚುವ ವೃತ್ತಿಜ್ಞಾನವೂ ಬೆಳೆಯುತ್ತದೆ. ಅದನ್ನು ಪರಂಪರೆಯಾಗಿ ಉಳಿಸಿಕೊಂಡು ಬಂದವನು ನೀರುಗಂಟಿ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದೆ ಹೋದರೆ ಅವನು ಆ ಗದ್ದೆಯನ್ನು ಅಗೆದು ನೋಡುವುದಿಲ್ಲ. ತೂಬು ತೆರೆದಿದೆಯೇ, ನಡುವೆ ಏರಿ ಕುಸಿದಿದೆಯೇ, ಮೇಲಿನವರು ನೀರನ್ನು ತಿರುಗಿಸಿಕೊಂಡಿದ್ದಾರೆಯೇ ಎಂದು ಕಾಲುವೆಯ ಗುಂಟ ನಡೆದು ನೋಡುತ್ತಾನೆ. ದೂರು ಕೇಳಿಬಂದ ಜಾಗವೇ ದೋಷವಿರುವ ಜಾಗವಲ್ಲ ಎಂಬುದು ಅವನ ನಡಿಗೆಯಲ್ಲೇ ಅಡಗಿರುವ ತಿಳಿವಳಿಕೆ.

ಈ ಬಗೆಯ ತಿಳಿವಳಿಕೆ ಹಳೆಯ ಕಸುಬುಗಳಿಗೆ ಮಾತ್ರ ಸೀಮಿತವೆಂದು ಭಾವಿಸಿದ್ದು ನಮ್ಮ ಅಧ್ಯಯನಗಳ ಒಂದು ಕೊರತೆಯೆಂದೇ ಹೇಳಬೇಕು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ರೂಪಿಸಿದ ವೃತ್ತಿಪದಕೋಶದ ಮೊದಲ ಸಂಪುಟ 1962ರಲ್ಲಿ ಬೇಸಾಯವನ್ನು ಕುರಿತು ಬಂದಿತು. ನಂತರದ್ದು ಕೈಮಗ್ಗವನ್ನು ಕುರಿತದ್ದು. ಆ ದಾರಿಯಲ್ಲಿ ಮುಂದುವರಿದರೆ ಹರಿಹರ, ದಾವಣಗೆರೆಗಳನ್ನು ಹಾಯ್ದು ಹೋಗುವ ಹೆದ್ದಾರಿಯ ಬದಿಯ ಗ್ಯಾರೇಜುಗಳನ್ನೂ ವೃತ್ತಿ ಜಾನಪದದ ಕ್ಷೇತ್ರವಾಗಿ ಪರಿಗಣಿಸಬೇಕಾಗುತ್ತದೆ. ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ 'ಅರ್ಥ್ ಸರಿಯಿಲ್ಲ', 'ಲೂಸ್ ಕಾಂಟ್ಯಾಕ್ಟ್' ಎಂದು ಹೇಳುವಾಗ ಶಬ್ದ ಇಂಗ್ಲಿಷಿನದಾದರೂ ತರ್ಕ ನೀರುಗಂಟಿಯದೇ. ಈ ಮಾತನ್ನು ಪರೀಕ್ಷಿಸಲು ನಮ್ಮ ಕಡೆ ಬಳಕೆಯಲ್ಲಿಲ್ಲದ ಯಂತ್ರವೊಂದನ್ನು ಉದ್ದೇಶಪೂರ್ವಕವಾಗಿಯೇ ಆಯ್ದುಕೊಂಡಿದ್ದೇನೆ. ಯಂತ್ರ ಹೊರನಾಡಿನದಾದರೂ ಅದು ಮಾತಾಡುವ ತಂತಿಗಳು ಇಂದು ದಾವಣಗೆರೆಯ ಕಾರುಗಳಲ್ಲೂ ಇವೆ.

ಜರ್ಮನಿಯಂಥ ಚಳಿನಾಡುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಕಾರಿನ ಸಹಾಯಕ ಹೀಟರು ಅಪರಿಚಿತವೇನಲ್ಲ. ಅಲ್ಲಿ ಅದನ್ನು 'ಸ್ಟಾಂಡ್‌ಹೈಟ್ಸುಂಗ್' ಎನ್ನುತ್ತಾರೆ; ನಿಂತಲ್ಲೇ ಕಾಯಿಸುವುದು ಎಂಬುದು ಅದರ ಭಾವ. ಸಾಮಾನ್ಯ ಹೀಟರಿಗೆ ಎಂಜಿನ್ನಿನ ಬಿಸಿ ಬೇಕು. ಇದಾದರೋ ಕಾರಿನ ಇಂಧನವನ್ನೇ ತನ್ನ ಪುಟ್ಟ ಒಲೆಯಲ್ಲಿ ಉರಿಸಿ, ಎಂಜಿನ್ ನಿಂತಿರುವಾಗಲೇ ರೇಡಿಯೇಟರಿನ ನೀರನ್ನು ಬಿಸಿಮಾಡುತ್ತದೆ. ವೆಬಾಸ್ಟೊ ಮತ್ತು ಎಬರ್‌ಸ್ಪೆಖರ್ ಇದರ ಹೆಸರಾಂತ ತಯಾರಕ ಸಂಸ್ಥೆಗಳು.

ಹೊತ್ತಿಕೊಳ್ಳುವ ಅಪ್ಪಣೆ ಹೀಟರಿಗೆ ಹೊರಗಿನಿಂದ ಬರಬೇಕು. ಗಡಿಯಾರ, ರಿಮೋಟ್, ಕಾರಿನ ಇತರ ನಿಯಂತ್ರಣ ಘಟಕಗಳು ಅದರೊಡನೆ ಸಂದೇಶಗಳ ಮೂಲಕ ಮಾತಾಡುತ್ತವೆ. ಕೆಲವು ಹೀಟರುಗಳಲ್ಲಿ ಇದಕ್ಕೆ ಒಂಟಿ ತಂತಿ. ಹಲವು ಕಾರುಗಳಲ್ಲಿ 'ಕ್ಯಾನ್' ಎಂಬ ಜೋಡಿತಂತಿ. ಕ್ಯಾನ್ ಪದ್ಧತಿಯನ್ನು ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿತು. ಒಂದೇ ಜೋಡಿತಂತಿಗೆ ಅನೇಕ ಘಟಕಗಳು ಅಂಟಿಕೊಂಡಿದ್ದು, ಒಬ್ಬರು ಹೇಳಿದ್ದು ಎಲ್ಲರಿಗೂ ಕೇಳುವ ವ್ಯವಸ್ಥೆ ಇದು. ಊರ ಕಟ್ಟೆಯ ಮಾತಿನಂತೆ ಎನ್ನೋಣ.

ಹೀಟರು ಕೆಲಸಮಾಡದೆ ಹೋದಾಗ ಸ್ಕ್ಯಾನರ್ ಜೋಡಿಸಿದರೆ 'ಹೀಟರಿನೊಡನೆ ಸಂಪರ್ಕ ಕಡಿದಿದೆ' ಎಂಬ ಅರ್ಥದ ಸಂಕೇತ ಬರಬಹುದು. ಇಂಥ ಸಂಕೇತಗಳು 'ಯು' ಅಕ್ಷರದಿಂದ ಆರಂಭವಾಗುತ್ತವೆ. ಇದನ್ನು ಓದಿದೊಡನೆ ಹೀಟರನ್ನೇ ಬದಲಿಸುವುದು ಸಾಮಾನ್ಯವಾಗಿ ಆಗುವ ದುಬಾರಿ ತಪ್ಪು. ಆ ಸಂಕೇತವನ್ನು ಬರೆದಿಟ್ಟದ್ದು ಹೀಟರಲ್ಲ. ಉತ್ತರಕ್ಕಾಗಿ ಕಾದು ಬೇಸತ್ತ ಇನ್ನೊಂದು ಘಟಕ. ಅದು ಫಿರ್ಯಾದಿಯ ಹೇಳಿಕೆಯೇ ಹೊರತು ತೀರ್ಪಲ್ಲ. ಅಲ್ಲದೆ ಮಾತಾಡದ ಹೀಟರು ಬೇರೆ, ಮಾತಾಡಿಯೂ ಉರಿಯಲು ಒಪ್ಪದ ಹೀಟರು ಬೇರೆ. ಬ್ಯಾಟರಿ ಬಳಲಿದ್ದರೆ, ಟ್ಯಾಂಕಿನಲ್ಲಿ ಇಂಧನ ಕಡಿಮೆಯಿದ್ದರೆ, ಹಲವು ಬಾರಿ ಹೊತ್ತಿಸಲು ಹೋಗಿ ಸೋತಿದ್ದರೆ ಅದು ಸುರಕ್ಷತೆಗಾಗಿ ತನಗೆ ತಾನೇ ಬೀಗ ಹಾಕಿಕೊಳ್ಳಬಲ್ಲದು. ಆಗ ಸ್ಕ್ಯಾನರಿಗೆ ಅದು ಕಾರಣವನ್ನೂ ತಿಳಿಸುತ್ತದೆ. ಇದು ಸಂವಹನ ದೋಷವಲ್ಲ.

ನಿಜವಾಗಿಯೂ ಮೌನವಿದ್ದರೆ ಮೊದಲು ನೋಡಬೇಕಾದದ್ದು ಫ್ಯೂಸು, ಆಮೇಲೆ ಅರ್ಥ್. ಇಲ್ಲಿ ಮೀಟರು ಮೋಸಮಾಡುವ ಸಂಭವವಿದೆ: ತುಕ್ಕು ಹಿಡಿದ ಅರ್ಥ್ ತಂತಿ ಕರೆಂಟ್ ಹರಿಯದಿದ್ದಾಗ ಪೂರ್ಣ ಹನ್ನೆರಡು ವೋಲ್ಟ್ ತೋರಿಸಿ, ಭಾರ ಬಿದ್ದೊಡನೆ ಕುಸಿಯುತ್ತದೆ. ಆದ್ದರಿಂದ ಭಾರ ಹಾಕಿಯೇ ಅಳೆಯಬೇಕು. ಬಳಿಕ ಕನೆಕ್ಟರ್. ಅನೇಕ ಕಾರುಗಳಲ್ಲಿ ಹೀಟರು ಬಂಪರಿನ ಹಿಂದೆ, ಚಕ್ರದ ಬಳಿ ತಗ್ಗಿನಲ್ಲಿರುತ್ತದೆ. ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪಿನ ನೀರು ಅಲ್ಲಿಗೇ ಸಿಡಿದು ಪಿನ್ನುಗಳನ್ನು ತಿನ್ನುತ್ತದೆ.

ಇಷ್ಟಾದ ಮೇಲೆ ಸಂವಹನದ ತಂತಿ. ವೇಗದ ಕ್ಯಾನ್‌ನಲ್ಲಿ ಎರಡು ತುದಿಗಳಿಗೂ ತಲಾ 120 ಓಮ್‌ಗಳ ರೋಧಕವಿರುತ್ತದೆ. ಬ್ಯಾಟರಿ ಕಳಚಿ ಜೋಡಿತಂತಿಯ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಮುಖ್ಯ ದಾರಿ ಎಲ್ಲೋ ಕಡಿದಿದೆ, ಇಲ್ಲವೇ ಒಂದು ತುದಿಯ ರೋಧಕ ಕೈಕೊಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳೂ ಒಂದಕ್ಕೊಂದು ತಾಗಿವೆ. ಆದರೆ 60 ಬಂತೆಂದು ನೆಮ್ಮದಿಪಡುವಂತಿಲ್ಲ. ಹೀಟರು ಮುಖ್ಯ ಕಾಲುವೆಯ ತುದಿಯಲ್ಲಿರದೆ ಒಂದು ಕವಲಿನಲ್ಲಿದ್ದರೆ, ಆ ಕವಲು ಪೂರ್ತಿ ಕಡಿದಿದ್ದರೂ ಮುಖ್ಯ ದಾರಿಯ ಅಳತೆ ಬದಲಾಗದು. ಹಾಗಾಗಿ ಹೀಟರಿನ ಕನೆಕ್ಟರಿನಲ್ಲೇ ಮತ್ತೊಮ್ಮೆ ಅಳೆಯಬೇಕು. ನೀರುಗಂಟಿ ತೂಬಿನ ಬಳಿ ನಿಂತು 'ನೀರು ಹೋಗುತ್ತಿದೆ' ಎನ್ನದೆ ಕೊನೆಯ ಗದ್ದೆಯ ಬಾಯಿಯವರೆಗೂ ನಡೆಯುವುದು ಇದಕ್ಕಾಗಿಯೇ.

ಬ್ಯಾಟರಿ ಜೋಡಿಸಿ, ಘಟಕಗಳು ಎಚ್ಚರವಾಗಿರುವಾಗ ಎರಡು ತಂತಿಗಳಲ್ಲೂ ಎರಡೂವರೆ ವೋಲ್ಟಿನ ಆಸುಪಾಸು ಇರಬೇಕು. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಕಾರು ನಿದ್ರೆಗೆ ಜಾರಿದ ಮೇಲೆ ಅಳೆದರೆ ಬೇರೆಯೇ ಅಂಕಿ ಬಂದು, ಇಲ್ಲದ ದೋಷ ಕಾಣಿಸೀತು. ಒಂದು ಘಟಕವೇ ಇಡೀ ದಾರಿಯನ್ನು ಕೆಡಿಸುತ್ತಿರುವ ಸಂಶಯವಿದ್ದರೆ ಘಟಕಗಳನ್ನು ಒಂದೊಂದಾಗಿ ಕಳಚುತ್ತ, ಯಾವುದನ್ನು ಕಳಚಿದಾಗ ಉಳಿದವು ಮಾತಾಡಿದವು ಎಂದು ನೋಡುವುದೇ ಉಪಾಯ.

ಪರಂಪರೆಯ ಎಲ್ಲವೂ ಹೊಸ ಯಂತ್ರಕ್ಕೆ ಒಗ್ಗುತ್ತದೆಂದು ನಾನು ವಾದಿಸುತ್ತಿಲ್ಲ. ನಮ್ಮ ಗ್ಯಾರೇಜುಗಳ ನೆಚ್ಚಿನ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಈ ತಂತಿಗಳಿಗೆ ಮುಟ್ಟಿಸಲಾಗದು. ಬಲ್ಬು ಎಳೆಯುವ ಕರೆಂಟ್ ಸಂದೇಶವನ್ನು ಕೆಡಿಸುತ್ತದೆ, ಘಟಕಕ್ಕೂ ಹಾನಿಯಾಗಬಹುದು. ಡಿಜಿಟಲ್ ಮಲ್ಟಿಮೀಟರೇ ಬೇಕು. ಹಳೆಯ ಸಲಕರಣೆ ಇಲ್ಲಿ ನಿವೃತ್ತವಾಗುತ್ತದೆ. ಆದರೆ ಅದನ್ನು ಹಿಡಿದಿದ್ದ ಕೈ ಕಲಿತ ಕ್ರಮ ಹಾಗಲ್ಲ. ಮೊದಲು ಫ್ಯೂಸು, ಆಮೇಲೆ ಅರ್ಥ್, ಆಮೇಲೆ ಕನೆಕ್ಟರ್, ಕೊನೆಗೆ ಯಂತ್ರ ಎಂಬ ಆ ಕ್ರಮ ಬಹುಮಟ್ಟಿಗೆ ಬಾಯಿಮಾತಿನಲ್ಲಿ, ಉಸ್ತಾದನಿಂದ ಹುಡುಗನಿಗೆ ದಾಟಿದ್ದು. ಕೆಲಸ ಕಲಿಯಲು ಬಂದವನ ಕೈಗೆ ಮೊದಲ ದಿನವೇ ಸ್ಕ್ಯಾನರ್ ಕೊಟ್ಟರೆ ಅವನು ಸಂಕೇತ ಓದುವುದನ್ನು ಕಲಿತಾನು, ತಂತಿಯ ಗುಂಟ ನಡೆಯುವುದನ್ನು ಕಲಿಯಲಾರ. ಹೀಟರನ್ನು ಬದಲಿಸಿಯೂ ಮೌನ ಮುಂದುವರಿದಾಗ ಅದರ ಬೆಲೆ ತೆರುವವನು ಗಿರಾಕಿ.

ಎಲ್ಲ ತಂತಿಗಳೂ ಸರಿಯಿದ್ದು, ಪೂರೈಕೆಯೂ ಸರಿಯಿದ್ದು, ಆಗಲೂ ಹೀಟರು ಉತ್ತರಿಸದಿದ್ದರೆ ಅದನ್ನು ಬದಲಿಸುವುದು ನ್ಯಾಯ. ಹೊಸದನ್ನು ಕೂರಿಸಿದ ಮೇಲೆ, ಹಲವು ಕಾರುಗಳಲ್ಲಿ, ಅದರ ಗುರುತನ್ನು ಕಾರಿನ ಘಟಕಪಟ್ಟಿಯಲ್ಲಿ ದಾಖಲಿಸಬೇಕು. ದಾಖಲಿಸದಿದ್ದರೆ ಹೊಸ ಹೀಟರಿಗೂ ಕಟ್ಟೆಯಲ್ಲಿ ಮಾತು ಸಿಗದು. ಹಳೆಯ ಸಂಕೇತಗಳನ್ನು ಅಳಿಸಿ, ಕಾರನ್ನು ನಿದ್ರೆಗೆ ಬಿಟ್ಟು, ಮತ್ತೆ ಎಬ್ಬಿಸಿ ನೋಡಬೇಕು. ಒಣ ದಿನ ಮಾತಾಡಿ ಮಳೆಯ ದಿನ ಮತ್ತೆ ಮೌನವಾದರೆ ಚಕ್ರದ ಬಳಿಯ ಕನೆಕ್ಟರಿಗೇ ಹಿಂದಿರುಗಬೇಕಾಗುತ್ತದೆ.